ಬಸವಲಿಂಗಮ್ಮನವರ ಇಪ್ಪತ್ತೇಳು ಸ್ಟಾರು

"ವೈರಸ್! ವೈರಸ್!"

ಗುಬ್ಬಿಯ ಆ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಿಂದ ಹೊರಟ ಈ ಕೂಗು ಕಾರಿಡಾರ್ ದಾಟಿ ಕೊನೆಯ ಆಫೀಸ್ ರೂಮಿನವರೆಗೂ ಹೋಯಿತು. ಅಲ್ಲಿ ಫೈಲಿನ ಮೇಲೆ ತೂಕಡಿಸುತ್ತಿದ್ದ ಗುಮಾಸ್ತ ಚೌಡಪ್ಪ ಗಾಬರಿಯಿಂದ ಡ್ರಾಯರ್ ಎಳೆದು, ಕೊರೊನಾ ಕಾಲದ ಒಂದು ಮಾಸ್ಕ್ ಹುಡುಕಿ, ಧೂಳು ಕೊಡವಿ, ಮೂಗಿಗೆ ಏರಿಸಿಕೊಂಡ.

ಕೂಗಿದವರು ವೆಂಕಟರಂಗಯ್ಯ. ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಕುಣಿಗಲ್ಲಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರು. ಅಭ್ಯರ್ಥಿಗಳ ಬೆನ್ನ ಹಿಂದೆ ಕೈಕಟ್ಟಿಕೊಂಡು ಗಂಭೀರವಾಗಿ ನಡೆದು ಬರುತ್ತಿದ್ದವರು ಏಳನೇ ನಂಬರಿನ ಕಂಪ್ಯೂಟರಿನ ಹತ್ತಿರ ಗಕ್ಕನೆ ನಿಂತರು. ಮಿಕ್ಕವರ ಪರದೆಗಳ ಮೇಲೆಲ್ಲ ಸ್ಟಾರ್ ಗುರುತಿನ ಅಚ್ಚುಕಟ್ಟಾದ ತ್ರಿಕೋನಗಳು: ಮೊದಲ ಸಾಲಿಗೆ ಒಂದು ಸ್ಟಾರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಈ ಪರದೆಯ ಮೇಲೆ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ "ಓ ವ ವಿ ವು" ಎಂದಿತ್ತು. ಅದರ ಕೆಳಗೆ "ವೆ ವೋ ಕ ಕಿ". ಅದರ ಕೆಳಗೆ "ಕು ಘ ಙ ಛ". ಕೊನೆಯವರೆಗೂ ಹಾಗೆಯೇ, ಯಾರೋ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ತೊದಲುತ್ತಿದ್ದಂತೆ.

ವೆಂಕಟರಂಗಯ್ಯ ಬಗ್ಗಿ ಗೋಡೆಯ ಪ್ಲಗ್ಗನ್ನೇ ಕಿತ್ತರು. ಆ ಪ್ಲಗ್ಗು ಏಳನೇ ನಂಬರಿನದಷ್ಟೇ ಆಗಿರದೆ ಇಡೀ ಸಾಲಿನದಾಗಿತ್ತು. ಒಂಬತ್ತು ಪರದೆಗಳು ಒಟ್ಟಿಗೆ ಕಣ್ಣು ಮುಚ್ಚಿದವು.

"ಅಯ್ಯೋ ಸಾರ್, ನಾನಿನ್ನೂ ಸೇವ್ ಮಾಡಿರ್ಲಿಲ್ಲಾ!" ಎಂದು ಅಕ್ಷತಾ ಎಂಬ ಹುಡುಗಿ ಅಳುವ ದನಿಯಲ್ಲಿ ಕೂಗಿದಳು. ಉಳಿದ ಏಳು ಜನರೂ ಸೇವ್ ಮಾಡಿರಲಿಲ್ಲ. ಮಾಡಿದ್ದವರು ಒಬ್ಬರೇ: ಏಳನೇ ನಂಬರಿನ ಮುಂದೆ ಹಣೆ ತುಂಬ ವಿಭೂತಿ ಧರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದ ನಲವತ್ತೈದರ ಬಸವಲಿಂಗಮ್ಮ. ಆ ಲ್ಯಾಬಿನ ಅಟೆಂಡರು. ಗುಬ್ಬಿಯ ಕರೆಂಟಿನ ಗುಣವನ್ನು ಹದಿನಾರು ವರ್ಷದಿಂದ ಬಲ್ಲವರು.

"ಏನಮ್ಮಾ ಇದು, ಓ ವಾ ವೀ ವೂ? ಮಗು ಅತ್ತಂಗಿದೆಯಲ್ಲಾ!"

"ನಕ್ಷತ್ರ ಸಾರ್."

"ಯಾವ ನಕ್ಷತ್ರ?"

"ತಾವು ನೋಡಿದ್ದು ರೋಹಿಣಿ. ಅದರ ಕೆಳಗಿಂದು ಮೃಗಶಿರ. ಅದರ ಕೆಳಗೆ ಆರಿದ್ರೆ."

ತಾವು ಕಿತ್ತ ಪ್ಲಗ್ಗು ಇನ್ನೂ ಕೈಯಲ್ಲೇ ಇದ್ದುದರಿಂದ ವೆಂಕಟರಂಗಯ್ಯನವರಿಗೆ ಅವಮಾನವಾಗಿತ್ತು. ಅವಮಾನವಾದ ಅಧಿಕಾರಿಯ ಕೈಗೆ ಪೆನ್ನು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಸಿ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ; ವೆಂಕಟರಂಗಯ್ಯ ಸೊನ್ನೆಯಲ್ಲೇ ಮುಗಿಸಿದರು. ಎಂಬತ್ತಕ್ಕೆ ಸೊನ್ನೆ. ಉಳಿದ ಎಂಟು ಜನರಿಗೆ ಅರ್ಧ ಗಂಟೆ ಹೆಚ್ಚುವರಿ ಸಮಯ.

ಪಾಠ ಮಾಡಿದವರು ಪರೀಕ್ಷೆಯ ಹೊತ್ತಿಗೆ ಲ್ಯಾಬಿನ ಹತ್ತಿರ ಸುಳಿಯಬಾರದು ಎಂಬುದು ನಿಯಮ. ಹಾಗಾಗಿ ಸಿ ಪಾಠ ಮಾಡಿದ್ದ ಚನ್ನೇಶ್ ಆಗ ಕ್ಯಾಂಟೀನಿನಲ್ಲಿ ಖಾರಾ ಬನ್ ತಿನ್ನುತ್ತಿದ್ದ. ಚನ್ನೇಶ್ ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಉಳಿದ ಅತಿಥಿಗೆ ಬೇರೆ ಯಾರ ಮನೆಯಲ್ಲಾದರೂ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸುತ್ತಾರೆ. ಈ ಕಾಲೇಜು ಇನ್ನೂ ಹಾಜರಾತಿ ಪುಸ್ತಕದಲ್ಲೂ ಸೇರಿಸಿರಲಿಲ್ಲ. ಆದ್ದರಿಂದ ಅವನಲ್ಲಿ ಸಿಟ್ಟಿನ ದಾಸ್ತಾನು ಯಾವಾಗಲೂ ಇರುತ್ತಿತ್ತು, ಅದಕ್ಕೊಂದು ಕಾರಣ ಒದಗಿಸಿದರೆ ಸಾಕು. ಅವನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಕನ್ನಡ ಶುದ್ಧವಾಗುತ್ತದೆ.

ಅಕ್ಷತಾ ಓಡಿ ಬಂದು, "ಸಾರ್, ಬಸಮ್ಮಕ್ಕಂಗೆ ಸೊನ್ನೆ ಕೊಟ್ಬುಟ್ರು!" ಎಂದಾಗ ಕಿವಿ ಕೆಂಪಾಯಿತು.

"ಯಾಕೆ?"

"ಸ್ಟಾರ್ ಬದ್ಲು ನಕ್ಷತ್ರ ಹಾಕವ್ರಂತೆ ಸಾರ್."

"ಎರಡೂ ಒಂದೇ ಅಲ್ವಾ?"

"ಅದೇ ಸಾರ್ ಪ್ರಾಬ್ಲಮ್ಮು."

ಪರೀಕ್ಷೆ ಮುಗಿದ ಮೇಲೆ ಬಸವಲಿಂಗಮ್ಮ ಪೊರಕೆ ಹಿಡಿದು ಲ್ಯಾಬ್ ಗುಡಿಸುತ್ತಿದ್ದರು. ಬೆಳಿಗ್ಗೆ ಅಭ್ಯರ್ಥಿ, ಮಧ್ಯಾಹ್ನ ಅಟೆಂಡರು. ಚನ್ನೇಶ್ ಕೇಳಿದ್ದಕ್ಕೆ ಸೊಂಟದಿಂದ ಪ್ರಶ್ನೆಯ ಚೀಟಿ ತೆಗೆದುಕೊಟ್ಟರು. ಇಡೀ ಬ್ಯಾಚಿನಲ್ಲಿ ಕನ್ನಡ ಮಾಧ್ಯಮ ಆರಿಸಿಕೊಂಡಿದ್ದವರು ಅವರೊಬ್ಬರೇ ಆದ್ದರಿಂದ ಕನ್ನಡದ ಚೀಟಿಯೂ ಅದೊಂದೇ. ಅದರಲ್ಲಿ ಹೀಗಿತ್ತು: "ಗೂಡುಕಟ್ಟಿದ ಕುಣಿಕೆಗಳನ್ನು ಬಳಸಿ ನಕ್ಷತ್ರಗಳನ್ನು ಸಾಲುಸಾಲಾಗಿ ಮುದ್ರಿಸುವ ಸಿ ಕಾರ್ಯಕ್ರಮವನ್ನು ಬರೆಯಿರಿ."

ಚನ್ನೇಶ್ ಎರಡು ಸಲ ಓದಿದ. ಮೂರನೇ ಸಲ ಗಟ್ಟಿಯಾಗಿ ಓದಿದ. ಅವನು ವರ್ಷವಿಡೀ ಪಾಠ ಮಾಡಿದ್ದು ನೆಸ್ಟೆಡ್ ಲೂಪ್ ಎಂದು. ಒಂದು ಲೂಪಿನ ಹೊಟ್ಟೆಯಲ್ಲಿ ಇನ್ನೊಂದು ಲೂಪು. ಹೊರಗಿನದು ಎಷ್ಟು ಸಾಲು ಎಂದು ಎಣಿಸುತ್ತದೆ, ಒಳಗಿನದು ಪ್ರತಿ ಸಾಲಿನಲ್ಲೂ ಎಷ್ಟು ಸ್ಟಾರು ಎಂದು ಎಣಿಸುತ್ತದೆ. ಅದನ್ನು ಯಾರೋ ಪುಣ್ಯಾತ್ಮರು ಕನ್ನಡದ ಬಾಯಿಗೆ ತುರುಕಿದ್ದರು.

"ಗೂಡು! ಗುಬ್ಬಿಯಲ್ಲಿ ಪರೀಕ್ಷೆ ಅಂತ ಗೂಡು ಕಟ್ಟಿದ್ದಾರೆ! ಕುಣಿಕೆ ಯಾರ ಕೊರಳಿಗೆ ಬಸವಲಿಂಗಮ್ಮೋರೇ? ಕನ್ನಡದಲ್ಲಿ ಬರೆದವರ ಕೊರಳಿಗೆ! ಸಿ ಕಾರ್ಯಕ್ರಮವಂತೆ, ಕಾರ್ಯಕ್ರಮ! ಪ್ರಾರ್ಥನೆ, ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲಿ?"

"ಕಾಲ್ ಎತ್ತಿ ಸಾರ್, ಗುಡಿಸ್ಬೇಕು."

ಚನ್ನೇಶ್ ಕಾಲೆತ್ತಿಕೊಂಡೇ ಏಳನೇ ನಂಬರಿನಲ್ಲಿ ಅವರ ಪ್ರೋಗ್ರಾಂ ತೆರೆದು ಸಾಲುಸಾಲಾಗಿ ಓದಿದ. ಹೊರಗಿನ ಲೂಪು ಇಪ್ಪತ್ತೇಳು ಸಲ: ಇಪ್ಪತ್ತೇಳು ನಕ್ಷತ್ರ. ಒಳಗಿನದು ನಾಲ್ಕು ಸಲ: ಪ್ರತಿ ನಕ್ಷತ್ರಕ್ಕೆ ನಾಲ್ಕು ಪಾದ. ಪಾದಕ್ಕೊಂದು ಅಕ್ಷರ, ಆ ಪಾದದಲ್ಲಿ ಹುಟ್ಟಿದ ಮಗುವಿನ ಹೆಸರಿಗೆ ಹಿರಿಯರು ಹುಡುಕುವ ಮೊದಲಕ್ಷರ. ಒಟ್ಟು ನೂರೆಂಟು. ಸೆಮಿಕೋಲನ್ನೂ ತಪ್ಪಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವನ ವಿದ್ಯಾರ್ಥಿಗಳು ಬೋರ್ಡಿನ ಮೇಲಿದ್ದದ್ದನ್ನು ಪುಸ್ತಕಕ್ಕೆ, ಪುಸ್ತಕದಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿದ್ದರೇ ಹೊರತು ಒಬ್ಬರೂ ಸ್ವಂತ ತಲೆಯಿಂದ ಲೂಪು ಬರೆದಿರಲಿಲ್ಲ. ಬರೆದವರೊಬ್ಬರಿಗೆ ಸೊನ್ನೆ!

"ಲೂಪಿನಲ್ಲಿ ಲೋಪವಿಲ್ಲ. ಲೋಪ ಇರೋದು ವೆಂಕಟರಂಗಯ್ಯನವರಲ್ಲಿ," ಎಂದು ಅವನು ಘೋಷಿಸಿದ.

ಬಸವಲಿಂಗಮ್ಮನವರಿಗೆ ಈ ಅಕ್ಷರಗಳು ಬಾಯಿಗೆ ಬಂದಿದ್ದರ ಹಿಂದೆ ಎಂಟು ವರ್ಷದ ಉದ್ಯೋಗವಿತ್ತು. ಗೂಳೂರಿನಲ್ಲಿ ಹುಟ್ಟಿ, ಪಿಯುಸಿಯಲ್ಲಿ ಇಂಗ್ಲಿಷಿನ ಕೈಯಲ್ಲಿ ಸೋತು, ತುಮಕೂರಿನ ಶೆಟ್ಟಿಹಳ್ಳಿಯ ಶಿವಮೂರ್ತಿಯನ್ನು ಮದುವೆಯಾಗಿ ಬಂದವರು. ಶಿವಮೂರ್ತಿಯದು ಬಸ್ ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ. ಮದುವೆಯಾದ ಹೊಸದರಲ್ಲಿ ಬಸವಲಿಂಗಮ್ಮ ತುಮಕೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಮಗು ಹುಟ್ಟಿದ ಐದು ನಿಮಿಷಕ್ಕೆ ಅಜ್ಜಿಯಂದಿರು ಕೇಳುತ್ತಿದ್ದ ಪ್ರಶ್ನೆ ಎರಡೇ. ಒಂದು, ಗಂಡೋ ಹೆಣ್ಣೋ. ಎರಡು, ಯಾವ ಅಕ್ಷರ ಬರುತ್ತೆ. ಮೊದಲನೆಯದಕ್ಕೆ ನರ್ಸಮ್ಮ ಇದ್ದರು. ಎರಡನೆಯದಕ್ಕೆ ವಾರ್ಡಿನ ಗೋಡೆಗೆ ಯಾರೋ ಅಂಟಿಸಿದ್ದ ಪಂಚಾಂಗದ ಹಾಳೆ ಇತ್ತು. ಫಿನಾಯಿಲ್ ಹಾಕಿ ನೆಲ ಒರೆಸುವಾಗ ಕಣ್ಣಿಗೆ ಬೀಳುತ್ತಿದ್ದ ಆ ಹಾಳೆ ಎರಡನೇ ವರ್ಷದ ಹೊತ್ತಿಗೆ ತಲೆಯೊಳಗೆ ಅಂಟಿಕೊಂಡಿತು. ಮೂರನೇ ವರ್ಷ ಹಾಳೆ ಹರಿದುಹೋದಾಗ ಯಾರಿಗೂ ಹೊಸದು ತರಬೇಕೆನಿಸಲಿಲ್ಲ. "ಬಸಮ್ಮನ್ನ ಕರೀರಿ" ಎಂದರೆ ಮುಗಿಯಿತು.

"ಅನೂರಾಧಾ ಮೂರನೇ ಪಾದ. 'ನು' ಬತ್ತದೆ ಕಣಜ್ಜಿ."

"ನು ಅಂತ ಏನ್ ಹೆಸ್ರಿಡೋದೇ ತಾಯಿ, ನುಗ್ಗೇಕಾಯಿ ಅಂತಲಾ?"

ಹೀಗೆ ನಗುತ್ತ ನಗಿಸುತ್ತ ಇದ್ದ ಆಸ್ಪತ್ರೆ ಒಂದು ದಿನ ಮುಚ್ಚಿತು. ಬಸವಲಿಂಗಮ್ಮ ಗುಬ್ಬಿಯ ಕಾಲೇಜಿಗೆ ಅಟೆಂಡರ್ ಆಗಿ ಸೇರಿದರು. ಶೆಟ್ಟಿಹಳ್ಳಿಯಿಂದ ಬೆಳಿಗ್ಗೆ ಏಳೂವರೆಯ ಬಸ್ಸು. ಅಷ್ಟರಲ್ಲಿ ಲಿಂಗಪೂಜೆಯೂ ಆಗಿರುತ್ತಿತ್ತು, ಮುದ್ದೆಯೂ ಆಗಿರುತ್ತಿತ್ತು. ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಿಸುವುದು, ಒಳಗೆ ಧೂಳು ಒರೆಸುವುದು, ಕರೆಂಟು ಹೋದರೆ ಯುಪಿಎಸ್ ಕಿರುಚುವ ಮೊದಲೇ ಸ್ವಿಚ್ಚು ಆರಿಸುವುದು ಅವರ ಕೆಲಸ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟರೆ ಪುಣ್ಯವಾದರೂ ಬರುತ್ತದೆ, ಇಲ್ಲಿ ಬಿಟ್ಟರೆ ಸಿ ಬರುತ್ತದೆಂಬ ಖಾತ್ರಿಯೂ ಇಲ್ಲ ಎಂದು ಹುಡುಗರು ಗೊಣಗುತ್ತಿದ್ದರು. ಹುಡುಗರಿಗೆ ಬರಲಿಲ್ಲ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದವರಿಗೆ ಬಂತು.

ವರ್ಷ ವರ್ಷವೂ ಅದೇ ಸ್ಟಾರು, ಅದೇ ಪಿರಮಿಡ್ಡು. ಹತ್ತನೇ ವರ್ಷದಲ್ಲಿ ಬಸವಲಿಂಗಮ್ಮ ಕೋಡ್ ನೋಡದೆ, ಬರೀ ಪರದೆಯ ಮೇಲಿನ ಆಕಾರ ನೋಡಿಯೇ ಹೇಳುತ್ತಿದ್ದರು: "ಮಗಾ, ನಿನ್ ಪಿರಮಿಡ್ಡು ಎಡಕ್ಕೆ ವಾಲ್ಕಂಡೈತೆ. ಖಾಲಿ ಜಾಗ ಬಿಡೋ ಲೂಪೇ ಹಾಕಿಲ್ಲ ನೀನು." ಪರದೆ ತುಂಬ ಸ್ಟಾರು ನಿಲ್ಲದೆ ಸುರಿಯತೊಡಗಿದರೆ, "ಒಳಗಡೆ ಲೂಪಲ್ಲಿ ಜೆ ಅನ್ನೋ ಕಡೆ ಐ ಅಂದಿದೀಯ ನೋಡ್ಲಾ" ಎನ್ನುತ್ತಿದ್ದರು. ಒಂದು ಸಲ ಹಾಗೆ ಹೇಳುತ್ತಿರುವಾಗ ಒಬ್ಬರು ಹೊಸ ಲೆಕ್ಚರರ್ ಮೇಡಂ ಎಲ್ಲರೆದುರು, "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ, ಪೊರಕೆ ಎಲ್ಲಿ?" ಎಂದರು. ಬಸವಲಿಂಗಮ್ಮ ಪೊರಕೆ ತಂದರು. ಆ ವರ್ಷವಿಡೀ ಲ್ಯಾಬಿನಲ್ಲಿ ಬಾಯಿ ತೆರೆಯಲಿಲ್ಲ. ಅದೇ ಮೌನದಲ್ಲಿ ಒಂದು ನಿರ್ಧಾರವೂ ಆಯಿತು.

ಲ್ಯಾಬ್ ಅಸಿಸ್ಟೆಂಟ್ ಎಂಬ ಒಂದು ಹುದ್ದೆ ಕಾಲೇಜಿನಲ್ಲಿ ಖಾಲಿ ಇತ್ತು. ಅದಕ್ಕೆ ಬೇಕಾದದ್ದು ವಾರಾಂತ್ಯದ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು. ಅಸಿಸ್ಟೆಂಟಿಗೆ ಸ್ಟೂಲಿನ ಬದಲು ಬೆನ್ನಿರುವ ಕುರ್ಚಿ ಸಿಗುತ್ತದೆ, ಅದಿರಲಿ. ಮುಖ್ಯವಾಗಿ, ಹುಡುಗರ ಪಿರಮಿಡ್ಡು ವಾಲಿದರೆ ಬಾಯಿ ಬಿಟ್ಟು ಹೇಳುವ ಅಧಿಕಾರ ಸಿಗುತ್ತದೆ. ಬಸವಲಿಂಗಮ್ಮ ಮಗಳ ವಯಸ್ಸಿನ ಅಕ್ಷತಾಳ ಪಕ್ಕ ಕೂತು ಶನಿವಾರ ಭಾನುವಾರ ಓದಿದರು. ಕಾಲೇಜಿಗೆ ಸರ್ಟಿಫಿಕೇಟು ಕೊಡಲು ತಿಂಗಳ ಕೊನೆಯವರೆಗೆ ಗಡುವು. ಆ ಗಡುವಿನೊಳಗೆ ಕೈಗೆ ಬಂದದ್ದು ಈ ಸೊನ್ನೆ.

ಚನ್ನೇಶ್ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ.

"ಏನ್ರೀ ಚನ್ನೇಶ್, ಅಟೆಂಡರ್ ವಿಷ್ಯಕ್ಕೆ ಇಷ್ಟೊಂದಾ? ಮುಂದಿನ್ ವರ್ಷ ಬರೀಲಿ ಬಿಡ್ರಿ."

"ಹುದ್ದೆ ಮುಂದಿನ ವರ್ಷದವರೆಗೆ ಕಾಯುತ್ತಾ ಸಾರ್?"

"ಹುದ್ದೆ ಯಾಕ್ ಕಾಯುತ್ತೆ? ಕಾಲೇಜ್ ಸೆಕ್ರೆಟರಿಯೋರ ಷಡ್ಡಕನ ಮಗ ಕಾಯ್ತಿದಾನಲ್ಲ." ಪ್ರಿನ್ಸಿಪಾಲರು ದನಿ ತಗ್ಗಿಸಿದರು. "ನೀವು ಗೆಸ್ಟು. ಗೆಸ್ಟ್ ಥರ ಇರಿ."

ಚನ್ನೇಶ್ ಗೆಸ್ಟಾಗಿ ಹೋದವನು ಘೋಸ್ಟಾಗಿ ಹೊರಬಂದ. ಅಂದಿನಿಂದ ಅವನು ಆ ಪರೀಕ್ಷೆ ನಡೆಸಿದ ಮಂಡಳಿಯನ್ನು ಕಾಡತೊಡಗಿದ. ಮಂಡಳಿಯ ಪೂರ್ತಿ ಹೆಸರು ಅದರ ಬೋರ್ಡಿನ ಮೇಲೂ ಹಿಡಿಸುತ್ತಿರಲಿಲ್ಲವಾದ್ದರಿಂದ ಎಲ್ಲರೂ ಮಂಡಳಿ ಎನ್ನುತ್ತಿದ್ದರು. ಅದರ ವಲಯ ಕಚೇರಿ ಕುಣಿಗಲ್ಲಿನಲ್ಲಿ. ಮೊದಲ ಪತ್ರಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ "ನಿಮ್ಮ ಪತ್ರ ತಲುಪಿದೆ" ಎಂಬ ಉತ್ತರ. ಮೂರನೆಯದಕ್ಕೆ "ಎರಡನೇ ಪತ್ರಕ್ಕೆ ಉತ್ತರಿಸಲಾಗಿದೆ" ಎಂಬ ಉತ್ತರ. ಇದೂ ಒಂದು ಲೂಪೇ, ಹೊರಗೆ ಬರುವ ದಾರಿ ಇಟ್ಟಿಲ್ಲ ಎಂದುಕೊಂಡ ಚನ್ನೇಶ್ ನಾಲ್ಕನೆಯದನ್ನು ಬರೆದ. ಬರೆಯುವ ಮುನ್ನ ಹಾಲ್ ಟಿಕೆಟ್ಟಿನ ಹಿಂಬದಿಯಲ್ಲಿ ಇರುವೆ ಸಾಲಿನಂತಿದ್ದ ಸೂಚನೆಗಳನ್ನೆಲ್ಲ ಓದಿದ. ಅವನಿಗಿಂತ ಮೊದಲು ಅವನ್ನು ಬಹುಶಃ ಮುದ್ರಿಸಿದವರೂ ಓದಿರಲಿಲ್ಲ. ಒಂಬತ್ತನೇ ಸೂಚನೆ ಹೀಗಿತ್ತು: "ಭಾಷಾಂತರದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಅಭ್ಯರ್ಥಿಯು ಆರಿಸಿಕೊಂಡ ಮಾಧ್ಯಮದ ಪ್ರಶ್ನೆಯೇ ಅಂತಿಮ."

ನಾಲ್ಕನೇ ಪತ್ರದಲ್ಲಿ ಈ ಸಾಲನ್ನು ಕೆಂಪು ಇಂಕಿನಲ್ಲಿ ಬರೆದು ಕಳಿಸಿದ. ನಾಲ್ಕೇ ದಿನದಲ್ಲಿ ಫೋನ್ ಬಂತು. ಮೂವತ್ತನೇ ತಾರೀಕು ಹನ್ನೊಂದು ಗಂಟೆಗೆ ಅಭ್ಯರ್ಥಿಯನ್ನು ಕರೆದುಕೊಂಡು ಬನ್ನಿ. ಅಲ್ಲಿಂದ ಗಡುವಿಗೆ ಉಳಿಯುತ್ತಿದ್ದದ್ದು ಒಂದೇ ದಿನ.

ತುಮಕೂರಿನಲ್ಲಿ ಕುಣಿಗಲ್ ಬಸ್ಸು ಹತ್ತಿದಾಗಿನಿಂದ ಚನ್ನೇಶನ ಬಾಯಿ ನಿಲ್ಲಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಎಂದು ಭಾಷಣ ಮಾಡುತ್ತಾರೆ, ಓದಿದವರ ಕೈಗೆ ಈ ಚೀಟಿ ಕೊಡುತ್ತಾರೆ. ಭಾಷಾಂತರದ ಸಾಫ್ಟ್‌ವೇರಿಗೆ ಇಂಗ್ಲಿಷ್ ತುರುಕಿ ಕನ್ನಡ ಹಿಂಡಿದರೆ ಬರುವುದು ಇಂಥ ಹಿಂಡಿಯೇ. ಹಿಂಡಿ ತಿನ್ನಲು ನಾವೇನು ದನವೇ? ಕಿಟಕಿಯ ಪಕ್ಕ ಕೂತಿದ್ದ ಬಸವಲಿಂಗಮ್ಮ ಗೂಳೂರು ಬಂದಾಗ ತವರಿನ ದಿಕ್ಕಿಗೆ ಒಂದು ಸಲ ಕೈಮುಗಿದು, ಚೀಲದಿಂದ ಸುಲಿದ ಕಡಲೇಕಾಯಿ ತೆಗೆದು ಅವನ ಅಂಗೈಗೆ ಸುರಿದರು.

"ತಿನ್ನಿ ಸಾರ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

"ನಿಮಗೆ ಸಿಟ್ಟೇ ಬರಲ್ವಾ?"

"ಬುಡಿ ಸಾರ್. ನನ್ ಮಾತ್ ಒಸಿ ಕೇಳಿ..."

"ನಿಮ್ಮ ಮಾತನ್ನೇ ನಾನು ಹೇಳ್ತಿರೋದು! ನೀವು ಸುಮ್ಮನಿರಿ, ಅಲ್ಲಿ ನಾನು ಮಾತಾಡ್ತೀನಿ. ನಿಮ್ಮಂಥವರು ಬುಡಿ ಬುಡಿ ಅಂದೇ ಅವರು ಹಿಡಿದು ಕೂತಿರೋದು."

ಹೆಬ್ಬೂರು ದಾಟುವಾಗ ಅವನು ಕಡಲೇಕಾಯಿ ಅಗಿಯುತ್ತ ಭಾಷಣದ ಮೊದಲ ಭಾಗ ಸಿದ್ಧಪಡಿಸಿದ್ದ. ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಎರಡನೆಯದೂ ಆಗಿತ್ತು.

ವಲಯ ಕಚೇರಿ ಹೆದ್ದಾರಿಯ ಬದಿಗೆ ಒಂದು ಟೈರ್ ಅಂಗಡಿಯ ಮೇಲಿತ್ತು. ಸಹಾಯಕ ನಿಯಂತ್ರಕಿ ಶಾಂತಲಾ ಮೇಡಂ ಐವತ್ತರ ಆಸುಪಾಸಿನವರು, ಕನ್ನಡಕದ ಮೇಲಿಂದ ಮನುಷ್ಯರನ್ನೂ ಕೆಳಗಿಂದ ಕಾಗದವನ್ನೂ ನೋಡುವವರು. ಅವರ ಎದುರಿಗೆ ವೆಂಕಟರಂಗಯ್ಯ ಆಗಲೇ ಕೂತು ಕಾಫಿ ಕುಡಿಯುತ್ತಿದ್ದರು.

"ಸ್ಟಾರ್ ಅಂದ್ರೆ ಸ್ಟಾರು ಮೇಡಂ. ಇಡೀ ಪ್ರಪಂಚಕ್ಕೇ ಗೊತ್ತು," ಎಂದು ಅವರು ಶುರುಮಾಡಿದರು.

ಚನ್ನೇಶನ ಕಿವಿ ಕೆಂಪಾಯಿತು. ಕನ್ನಡ ಶುದ್ಧವಾಯಿತು. "ಪ್ರಪಂಚಕ್ಕೆ ತಿಳಿದಿರುವುದನ್ನು ತಾವು ಚೀಟಿಯಲ್ಲಿ ಬರೆಯಲಿಲ್ಲ. ತಾವು ಬರೆದದ್ದು ನಕ್ಷತ್ರ ಎಂದು. ಕನ್ನಡದಲ್ಲಿ ನಕ್ಷತ್ರಗಳು ಇಪ್ಪತ್ತೇಳು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ನಕ್ಷತ್ರ ಯಾವುದು ಎಂದು ಕೇಳಿದರೆ ಐದು ಸಾಲಿನ ತ್ರಿಕೋನ ಎಂದು ಯಾರಾದರೂ ಉತ್ತರಿಸುತ್ತಾರೆಯೇ? ತಾರೆಯ ಹೆಸರಿನಲ್ಲಿ ತಾರಾತಿಗಡಿ ಮಾಡಿದವರು ತಾವು, ಅಂಕ ಕಳೆದುಕೊಂಡವರು ಇವರು! ಒಂಬತ್ತನೇ ಸೂಚನೆ ಏನನ್ನುತ್ತದೆ? ಗೂಡೂ ಇದೆ, ಕುಣಿಕೆಯೂ ಇದೆ, ನಕ್ಷತ್ರವೂ ಇದೆ, ಸಾಲುಸಾಲಾಗಿಯೂ ಇದೆ. ಇನ್ನೇನು ಬೇಕು, ಆಕಾಶದಿಂದ ಇಳಿಸಿ ಕೊಡಬೇಕೇ?"

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು ಶಾಂತಲಾ. ಚನ್ನೇಶ್ ಯಾವಾಗ ಎದ್ದು ನಿಂತನೋ ಅವನಿಗೇ ಗೊತ್ತಿರಲಿಲ್ಲ.

ವೆಂಕಟರಂಗಯ್ಯ ಲೋಟ ಕೆಳಗಿಟ್ಟರು. "ಆಯ್ತು ಸ್ವಾಮಿ, ಇಪ್ಪತ್ತೇಳೇ ಅಂತ ಇಟ್ಕೊಳ್ಳೋಣ. ಆದ್ರೆ ಇಪ್ಪತ್ತೇಳು ಎಲ್ಲಿತ್ತು? ಪರದೆ ಮೇಲೆ ನಾನು ನೋಡಿದಾಗ ಮೊದಲ್ನೇದೇ ರೋಹಿಣಿ. ರೋಹಿಣಿ ನಾಲ್ಕನೇದು. ಮೂರು ನಾಪತ್ತೆ. ನೀವು ಹೇಳೋ ಲೆಕ್ಕದಲ್ಲೇ ಪ್ರೋಗ್ರಾಂ ತಪ್ಪು."

ಇದು ಭಾಷಣದ ಎರಡೂ ಭಾಗದಲ್ಲಿ ಇರಲಿಲ್ಲ. ಶಾಂತಲಾ ಮೇಡಂ ಪರೀಕ್ಷೆಯ ದಿನ ಸೀಲು ಮಾಡಿದ್ದ ಪೆನ್‌ಡ್ರೈವ್ ತೆಗೆಸಿ ಅಲ್ಲಿಯ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಓಡಿಸಿದರು. ನಿಜ. ಮೇಲಿನ ಸಾಲಿನಲ್ಲಿ ರೋಹಿಣಿ, ಕೆಳಗಿನದರಲ್ಲಿ ರೇವತಿ. ಎಣಿಸಿದರೆ ಇಪ್ಪತ್ತನಾಲ್ಕು.

"ಎಲ್ಲಮ್ಮಾ ಅಶ್ವಿನಿ, ಭರಣಿ, ಕೃತ್ತಿಕಾ?" ವೆಂಕಟರಂಗಯ್ಯನವರ ಮುಖದಲ್ಲಿ ಆ ಪ್ಲಗ್ಗು ಕಿತ್ತ ದಿನದಿಂದ ಕಾಣದಿದ್ದ ನಗು ಕಂಡಿತು.

"ಮೇಲಕ್ಕೋಗವೆ ಸಾರ್," ಎಂದರು ಬಸವಲಿಂಗಮ್ಮ.

"ಏನು? ತೀರ್ಕೊಂಡ್ವಾ?"

"ಈ ಕರೀ ಪರದೆಗೆ ಇಪ್ಪತ್ತೈದೇ ಸಾಲು. ಅದರಲ್ಲಿ ಕೊನೇದು ಖಾಲಿ, ಅಲ್ಲಿ ಕರ್ಸರ್ ಮಿಣುಕ್ತಾ ಇರ್ತದೆ. ಇಪ್ಪತ್ತೇಳು ಬಿದ್ರೆ ಮೊದಲ್ನೇ ಮೂರು ಮೇಲಕ್ಕೆ ಹೋಗ್ಬುಡ್ತವೆ, ಕಾಣಲ್ಲ. ಒಂಚೂರು ಜಾಗ ಬಿಡಿ ಸಾರ್."

ವೆಂಕಟರಂಗಯ್ಯ ಕುರ್ಚಿ ಸರಿಸಿದರು. ಬಸವಲಿಂಗಮ್ಮ ಸೆರಗು ಸಿಕ್ಕಿಸಿ ಕೂತು, ಎರಡು ಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ಸಾವಧಾನವಾಗಿ ಹೊರಗಿನ ಲೂಪಿನೊಳಗೆ ಒಂದು ಸಾಲು ಸೇರಿಸಿದರು. ಎಣಿಕೆ ಹದಿಮೂರಕ್ಕೆ ಬಂದರೆ ಒಂದು ಕ್ಷಣ ನಿಲ್ಲು, ನಾನು ಒತ್ತಿದ ಮೇಲೆ ಮುಂದೆ ಹೋಗು ಎಂಬ ಅರ್ಥದ ಸಾಲು. ಮತ್ತೆ ಓಡಿಸಿದರು. ಅಶ್ವಿನಿ, ಚು ಚೆ ಚೋ ಲ. ಭರಣಿ, ಲಿ ಲು ಲೆ ಲೋ. ಅರ್ಧ ಆಕಾಶ ಬಂದು ನಿಂತಿತು. ಒತ್ತಿದಾಗ ಇನ್ನರ್ಧ ಬಂತು.

ಶಾಂತಲಾ ಮೇಡಂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ವಿಶಾಖಾ ಮೂರನೇ ಪಾದ ತೋರಿಸಿ," ಎಂದರು ಶಾಂತಲಾ. ಪರದೆಯ ಮೇಲೆ ಬೆರಳಿಟ್ಟು ಹುಡುಕಿದರು. "ತೆ. ಹೂಂ. ನಮ್ಮ ಮಗಳು ತೇಜಸ್ವಿನಿ."

"ಇನ್ನೊಂದ್ಸಲ ಹಾಕಮ್ಮಾ," ಎಂದರು ವೆಂಕಟರಂಗಯ್ಯ. ಹಾಕಿದರು. ಅವರು ಕನ್ನಡಕ ಸರಿಮಾಡಿಕೊಂಡು ಐದನೇ ಸಾಲನ್ನು ನೋಡಿದರು. "ಮೃಗಶಿರ ಒಂದು. ವೆ." ಲೋಟ ಪಕ್ಕಕ್ಕೆ ಸರಿಸಿ, "ನಂದು," ಎಂದರು. ಆಮೇಲೆ ಯಾರ ಕಡೆಗೂ ನೋಡದೆ, "ಲೂಪು ಸರಿಯಾಗಿದೆ ಮೇಡಂ," ಎಂದರು.

ಶಾಂತಲಾ ಮೇಡಂ ಅಂಕಪಟ್ಟಿಯ ಮೇಲೆ ಸೊನ್ನೆಗೆ ಅಡ್ಡಗೆರೆ ಎಳೆದು ಎಪ್ಪತ್ತು ಎಂದು ಬರೆದರು. ವೆಂಕಟರಂಗಯ್ಯ ಪಕ್ಕದಲ್ಲಿ ಸಹಿ ಮಾಡಿದರು. ಸರ್ಟಿಫಿಕೇಟಿಗೆ ಸೀಲು ಬಿತ್ತು, ಎರಡು ಸಲ, ಮೊದಲನೆಯದು ಸರಿಯಾಗಿ ಮೂಡದ್ದಕ್ಕೆ. ಒಂಬತ್ತನೇ ಸೂಚನೆಯನ್ನು ಮುಂದಿನ ವರ್ಷದಿಂದ ತೆಗೆದುಹಾಕಲು ಮೇಲಿನವರಿಗೆ ಬರೆಯುತ್ತೇನೆಂದೂ ಮೇಡಂ ಹೇಳಿದರು. ಚನ್ನೇಶನಿಗೆ ಅದಕ್ಕೂ ಸಿಟ್ಟು ಬಂತು, ಆದರೆ ಗೆದ್ದ ಸಂತೋಷದಲ್ಲಿ ಅದನ್ನು ನಾಳೆಗೆ ಇಟ್ಟುಕೊಂಡ.

ಬಸವಲಿಂಗಮ್ಮ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಹೊರಡಲೆಂದು ಎದ್ದಾಗ ಶಾಂತಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಫೈಲಿಗಲ್ಲ. ಹದಿನಾರು ವರ್ಷದಿಂದ ಆ ಲ್ಯಾಬಲ್ಲಿ ಸ್ಟಾರ್ ತ್ರಿಕೋನ ನೋಡಿದೋರು ನೀವು. ಆದ್ರೂ ಚೀಟಿ ನೋಡಿದ ತಕ್ಷಣ ನಿಮ್ಮ ಮನಸ್ಸಿಗೆ ಅಶ್ವಿನಿ ಭರಣಿನೇ ಬಂತಲ್ಲ, ಅದು ಹೇಗೆ?"

ಈ ಪ್ರಶ್ನೆಗಾಗಿಯೇ ಚನ್ನೇಶ್ ಕಾಯುತ್ತಿದ್ದ. "ಏಕೆಂದರೆ ಮೇಡಂ, ತಾಯಿನುಡಿ ಎಂಬುದು..." ಎಂದು ಶುರುಮಾಡಿದ.

"ನೀವಲ್ಲ," ಎಂದರು ಶಾಂತಲಾ. "ಅವರು ಹೇಳ್ಲಿ."

ಬಸವಲಿಂಗಮ್ಮ ಚನ್ನೇಶನನ್ನು ಒಂದು ಸಲ, ಸೀಲನ್ನು ಒಂದು ಸಲ ನೋಡಿದರು.

"ಮನ್ಸಿಗೆ ಸ್ಟಾರೇ ಬಂದಿದ್ದು ಮೇಡಂ. ಒತ್ತಿದ್ರೆ ಬೀಳ್ತಿರ್ಲಿಲ್ಲ. ಹುಡುಗ್ರು ವರ್ಷಾನುಗಟ್ಲೆ ಅದೊಂದನ್ನೇ ಕುಟ್ಟಿ ಕುಟ್ಟಿ, ಏಳನೇ ನಂಬರ್ ಕೀಬೋರ್ಡಲ್ಲಿ ಸ್ಟಾರ್ ಕೀ ಸತ್ತೋಗಿತ್ತು. ಬಲಗಡೆ ನಂಬರ್ ಗುಂಪಲ್ಲಿರೋ ಇನ್ನೊಂದು ಸ್ಟಾರೂ ಹೋಗಿತ್ತು. ಎದ್ದು ಹೇಳಾಣ ಅಂದ್ರೆ, ಎಲ್ಲಾ ಕೀನೂ ಸರ್ಯಾಗವೆ ಅಂತ ಬೆಳಿಗ್ಗೆ ರಿಜಿಸ್ಟರಲ್ಲಿ ಸೈನ್ ಹಾಕಿದ್ದೋಳು ನಾನೇ."